ತುಂಬಿದ್ದರೂ ಹಾಡಿದವನು

ಚಾದರ ಹಿಂಡುವುದು ಇಬ್ಬರ ಕೆಲಸ. ಒಬ್ಬರು ಗೋಡೆಯ ಕಡೆಗೆ ತಿರುಚಿದರೆ ಇನ್ನೊಬ್ಬರು ಬೀದಿಯ ಕಡೆಗೆ ತಿರುಚಬೇಕು. ಇಬ್ಬರೂ ಒಂದೇ ಕಡೆಗೆ ತಿರುಚಿದರೆ ಚಾದರ ಸುಮ್ಮನೆ ಸುತ್ತುತ್ತದೆಯೇ ಹೊರತು ಒಂದು ತೊಟ್ಟು ನೀರೂ ಇಳಿಯುವುದಿಲ್ಲ. ಇಷ್ಟು ಸಣ್ಣ ಸಂಗತಿ ಅರವತ್ತೆಂಟು ವರ್ಷವಾದರೂ ಮೈದುನನ ತಲೆಗೆ ಹೋಗಿರಲಿಲ್ಲ.

"ಆ ಕಡೆಗೆ ತಿರುಗಿಸೋ ಮಹರಾಯ!" ಎಂದಳು ಕೊಡತಿಯಮ್ಮ.

"ಆ ಕಡೆಗೇ ತಾನೆ ಅತ್ತಿಗೆ ತಿರುಗಿಸ್ತಿರೋದು?"

"ಅದು ನನ್ನ ಆ ಕಡೆ. ನೀನು ನಿನ್ನ ಆ ಕಡೆಗೆ ತಿರುಗಿಸು."

ಮೈದುನ ಒಂದು ಗಳಿಗೆ ಯೋಚಿಸಿದ, ಚಾದರದ ತುದಿ ಹಿಡಿದು ತಾನೇ ಒಂದು ಸುತ್ತು ತಿರುಗಿ ನಿಂತ. ಬಾಯಲ್ಲಿ ಮಾತ್ರ ಹಾಡು ನಿಂತಿರಲಿಲ್ಲ. ಬೆಳಗಿನಿಂದ ಅದೇ ನಾಲ್ಕು ಸಾಲು. ಮೂರನೆಯ ಸಾಲಿಗೆ ಬಂದಾಗ ದನಿ ಏರಬೇಕಾದಲ್ಲಿ ಏರದೆ, ಮೆಟ್ಟಿಲು ತಪ್ಪಿದವನ ಹಾಗೆ ಧೊಪ್ಪನೆ ಕೆಳಗೆ ಬೀಳುತ್ತಿತ್ತು.

"ಆ ಹಾಡು ಸ್ವಲ್ಪ ಹೊತ್ತು ನಿಲ್ಲಿಸಿ ಕೈ ಆಡಿಸ್ತೀಯಾ?"

"ನಿಲ್ಲಿಸೋದಾ? ಏಳನೆಯವನು ತುಂಬಿದ್ದರೂ ಹಾಡಿದ ಅತ್ತಿಗೆ. ಯಃಕಶ್ಚಿತ್ ಒಂದು ಒದ್ದೆ ಚಾದರಕ್ಕೆ ನಿಲ್ಲಿಸ್ತಾನಾ?"

ಕೊಡತಿಯಮ್ಮ ಚಾದರ ಕೊಡವಿದಳು. ಮಹಡಿಯ ಗೋಡೆಯಾಚೆ, ಹಳೆಯ ರೈಲು ಹಳಿಗಳ ಪಕ್ಕದಲ್ಲಿ, ಹದಿಮೂರು ಕಣಜಗಳು ಸಾಲಾಗಿ ನಿಂತು ಇವರಿಬ್ಬರನ್ನೂ ನೋಡುತ್ತಿದ್ದವು. ಅವಳು ಒಂದು ಕಾಗದ ಬರೆಯಬೇಕಾಗಿತ್ತು. ಬರೆಯಬೇಕಾಗಿ ಐದು ತಿಂಗಳಾಗಿತ್ತು. ಅದೊಂದು ಬರೆದಿದ್ದರೆ ಇವತ್ತು ಈ ಹಾಡು ಕೇಳುವ ಪಾಡು ಬರುತ್ತಿರಲಿಲ್ಲ.

ಕಾಗದಪತ್ರಗಳಲ್ಲಿ ಅವುಗಳ ಹೆಸರು ಸೈಲೋ. ಕೆಲಸ ಮಾಡಿದವರ ಬಾಯಲ್ಲಿ ಕಣಜ. ಒಂದೊಂದೂ ಒಂಬತ್ತು ಅಂತಸ್ತಿನ ಎತ್ತರ, ಕಾಂಕ್ರೀಟಿನ ದುಂಡು ಕೊಳವೆ, ಕಿಟಕಿಯಿಲ್ಲ, ಮೂಲೆಯಿಲ್ಲ. ರೈಲಿನಲ್ಲಿ ಬಂದ ಕಾಳನ್ನು ಡಬ್ಬಿಗಳ ಪಟ್ಟಿಯೊಂದು ಮೊಗೆದು ಮೊಗೆದು ಮೇಲಕ್ಕೊಯ್ದು ಇವುಗಳ ಬಾಯಿಗೆ ಸುರಿಯುತ್ತಿತ್ತು. ಕೆಳಗಿನಿಂದ ಬೇಕಾದಾಗ ಬೇಕಾದಷ್ಟು ಇಳಿಸಿಕೊಳ್ಳುತ್ತಿದ್ದರು. ಒಳಗೆ ಎಷ್ಟು ಕಾಳಿದೆ ಎಂದು ತಿಳಿಯಲು ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿ, ದೂಳಿನಲ್ಲಿ ಬಗ್ಗಿ ನೋಡಬೇಕು. ಇಲ್ಲವೇ ಕೊಡತಿಯಮ್ಮನನ್ನು ಕೇಳಬೇಕು.

ಮೂವತ್ತೊಂದು ವರ್ಷ ಅವಳ ಕೆಲಸ ಅದೇ ಆಗಿತ್ತು. ಬೆಳಗ್ಗೆ ಬಂದವಳೇ ಮರದ ಕೊಡತಿ ಹಿಡಿದು ಒಂದೊಂದು ಕಣಜದ ಗೋಡೆಗೂ ಕೆಳಗೆ, ನಡುವೆ, ಏಣಿ ಹತ್ತಿ ಮೇಲೆ, ಹೀಗೆ ಮೂರು ಕಡೆ ತಟ್ಟುವುದು. ತುಂಬಿದ ಕಣಜ 'ಧಪ್' ಎನ್ನುತ್ತಿತ್ತು, ಉಂಡು ಮಲಗಿದವನ ಬೆನ್ನು ತಟ್ಟಿದ ಹಾಗೆ. ಖಾಲಿ ಕಣಜ 'ಗೊಂಯ್' ಎಂದು ರಾಗ ಎಳೆಯುತ್ತಿತ್ತು. ಎರಡರ ನಡುವಿನ ನೂರೆಂಟು ದನಿಗಳೂ ಅವಳಿಗೆ ಗೊತ್ತಿದ್ದವು. ಕಾಳು ಎಲ್ಲಿಯವರೆಗೆ ನಿಂತಿದೆ ಎಂದು ಮೊಳದ ಲೆಕ್ಕದಲ್ಲಿ ಹೇಳುತ್ತಿದ್ದಳು. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿತ್ತು. ಮಿಕ್ಕ ಎಲ್ಲ ಕಡೆ ಅವಳು ಕೊಡತಿಯಮ್ಮ.

ಕೊನೆಯ ಹನ್ನೆರಡು ವರ್ಷ ತಟ್ಟಿದ್ದನ್ನು ಬರೆದೂ ಇಡಬೇಕು ಎಂದು ಮೇಲಿನಿಂದ ಆಜ್ಞೆಯಾಯಿತು. ಆಗಷ್ಟೇ ಅಕ್ಷರ ಕಲಿತಿದ್ದ ಅವಳಿಗೆ ಒಂದೊಂದು ಸಾಲಿಗೂ ಹಣೆಯಲ್ಲಿ ಬೆವರು. ಹಾಗಾಗಿ ಬಾಯಲ್ಲಿ ಆಡುವುದನ್ನೇ ಚುಟುಕಾಗಿ ಬರೆದಳು. 'ನಾಲ್ಕನೆಯವನು ಮಲಗಿದ್ದಾನೆ.' ಅಂದರೆ ತುಂಬಿದೆ. 'ಐದನೆಯವನಿಗೆ ಜ್ವರ.' ಅಂದರೆ ಒಳಗೆ ಕಾಳು ಬಿಸಿಯೇರುತ್ತಿದೆ, ಬೇಗ ತೆಗೆದು ಗಾಳಿಗೆ ಹಾಕಿ. 'ಒಂಬತ್ತನೆಯವನಿಗೆ ಕೆಮ್ಮು.' ಕೆಳಗಿನ ಬಾಯಿ ಕಟ್ಟಿಕೊಂಡು ಕಾಳು ತಡೆದು ತಡೆದು ಬೀಳುತ್ತಿದೆ.

"ಕಣಜ ಅಂದ್ರೆ 'ಅದು' ಅಲ್ವೇನಮ್ಮ? 'ಅವನು' ಅಂತ ಯಾಕೆ ಬರೀತೀಯ?" ಎಂದು ತೂಕದ ಗುಮಾಸ್ತ ಒಮ್ಮೆ ಕೇಳಿದ್ದ.

"ಬೆಳಗಿಂದ ಸಂಜೆವರೆಗೂ ಬೇರೆಯವರು ತಂದು ಹಾಕಿದ್ದನ್ನ ಹೊಟ್ಟೆಗೆ ಇಳಿಸ್ಕೊಂಡು, ಒಂದು ಹೆಜ್ಜೆ ಅಲುಗಾಡದೆ ನಿಂತಿರ್ತವೆ. ಗಂಡಸರಲ್ಲದೆ ಇನ್ನೇನು?" ಎಂದಿದ್ದಳು.

ಗುಮಾಸ್ತ ಆ ಪುಟಕ್ಕೆ ಹಾಗೆಯೇ ಮುದ್ರೆ ಒತ್ತಿದ.

ಈ ಎಲ್ಲರಲ್ಲೂ ತರಲೆ ಎಂದರೆ ಏಳನೆಯವನು. ಕೊನೆಯ ಎರಡು ವರ್ಷ, ಹೊಟ್ಟೆ ತುಂಬ ಕಾಳಿದ್ದರೂ ಅವನು ಕೆಳಗಿನ ಸುತ್ತಿನಲ್ಲಿ ಧಪ್ ಎನ್ನದೆ ಗೊಂಯ್ ಎನ್ನತೊಡಗಿದ. ಗೋಡೆಯ ಒಳಪದರ ಹೊರಪದರದಿಂದ ಬಿಟ್ಟುಕೊಂಡಿದೆ, ನಡುವೆ ಪೊಳ್ಳಾಗಿದೆ ಎಂದು ಅವಳ ಕೈಗೆ ಗೊತ್ತಾಯಿತು. ದಿನಾ ಬರೆದಳು: 'ಏಳನೆಯವನು ತುಂಬಿದ್ದರೂ ಹಾಡಿದ.' ಮೇಲಿನವರು ದಿನಾ ಸಹಿ ಹಾಕಿದರು. ಓದಿದವರು ಒಬ್ಬರೂ ಇಲ್ಲ. ಆಮೇಲೆ ಕಾಳು ಬೇರೆ ದಾರಿ ಹಿಡಿಯಿತು, ರೈಲು ನಿಂತಿತು, ಕಣಜಗಳಿಗೆ ಬೀಗ ಬಿತ್ತು. ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು.

ಅಷ್ಟರಲ್ಲಿ ಆ ಕೊಳವೆಗಳನ್ನು ಏನು ಮಾಡಬೇಕೆಂದು ನಗರಸಭೆ ತಲೆ ಕೆಡಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಒಬ್ಬರು ನೀರಿನ ಟ್ಯಾಂಕ್ ಮಾಡೋಣ ಎಂದರು. ಇನ್ನೊಬ್ಬರು ಹೋಟೆಲ್ ಮಾಡೋಣ ಎಂದು ನಕ್ಷೆಯನ್ನೇ ತಂದರು. ದುಂಡು ಕೋಣೆಯಲ್ಲಿ ಮಂಚವನ್ನು ಯಾವ ಮೂಲೆಗೆ ಹಾಕುತ್ತೀರಿ ಎಂದು ಯಾರೋ ಕೇಳಿದ ಮೇಲೆ ನಕ್ಷೆ ಸುತ್ತಿಕೊಂಡು ಹೋದರು. ಕಡೆಗೆ, ಕೆಡವಿ ವಾಹನ ನಿಲ್ದಾಣ ಮಾಡುವುದು ಎಂದು ಹೆಚ್ಚು ಕಡಿಮೆ ತೀರ್ಮಾನವಾಗಿತ್ತು. ಆಗ ಬಂದವಳು ಪರಂಪರೆ ಹುಡುಗಿ.

ನಗರಸಭೆಯಲ್ಲಿ ಹಳೆಯ ಕಟ್ಟಡಗಳ ವಿಭಾಗವೊಂದಿದೆ, ಅದರಲ್ಲಿ ಇರುವವಳು ಅವಳೊಬ್ಬಳೇ. ತೂಕದ ಕೋಣೆಯ ಕಪಾಟಿನಲ್ಲಿ ಅವಳಿಗೆ ಕೊಡತಿಯಮ್ಮನ ದಿನಚರಿ ಸಿಕ್ಕಿತು. ಹದಿಮೂರು ಮಂದಿ. ಹೆಸರಿಲ್ಲ, ಬರೀ ಸಂಖ್ಯೆ. ಒಬ್ಬನಿಗೆ ಜ್ವರ, ಒಬ್ಬನಿಗೆ ಕೆಮ್ಮು. ಮತ್ತೊಬ್ಬ ತುಂಬಿದ್ದರೂ ಹಾಡುತ್ತಾನೆ, ಮನಸ್ಸು ದುಃಖದಿಂದ ತುಂಬಿದ್ದರೂ. ಹುಡುಗಿ ಕಪಾಟಿನ ಮುಂದೆಯೇ ಕೂತು ಅತ್ತಳಂತೆ. ಮರುದಿನ ವಿಳಾಸ ಹುಡುಕಿಕೊಂಡು ಮನೆಗೆ ಬಂದಳು.

"ಈ ಅಕ್ಷರ ನಿಮ್ಮದೇನಾ ಅಮ್ಮಾ?"

"ನಂದೇ."

ಹುಡುಗಿ ಅವಳ ಎರಡೂ ಕೈ ಹಿಡಿದುಕೊಂಡಳು. "ಎಷ್ಟು ನೋವು ನೋಡಿದ್ದೀರಿ!"

"ಅದೇನು ಕೇಳ್ತೀಯಮ್ಮ. ಅದರಲ್ಲೂ ಮೆಟ್ಟಿಲು ಹತ್ತೋವಾಗ," ಎಂದು ಕೊಡತಿಯಮ್ಮ ಮಂಡಿ ಸವರಿಕೊಂಡಳು.

"ಏಳನೆಯವರು… ಅವರು ಈಗ ಎಲ್ಲಿದ್ದಾರೆ?"

"ಎಲ್ಲಿಗೆ ಹೋಗ್ತಾನೆ? ಅಲ್ಲೇ ನಿಂತಿದ್ದಾನಲ್ಲ. ನಾನು ದಿನಾ ಮಹಡಿಯಿಂದ ನೋಡ್ತೀನಿ."

ಹುಡುಗಿಯ ಕಣ್ಣು ತುಂಬಿ ಬಂತು. "ಅವರಿಗೆ ಸಂಸಾರ ಅಂತ?"

"ಈಗ ಪಾರಿವಾಳಗಳದ್ದೇ ಸಂಸಾರ."

ಹುಡುಗಿ ಅದನ್ನೂ ಬರೆದುಕೊಂಡಳು. ಬಹಳ ಒಳ್ಳೆಯ ಹುಡುಗಿ, ಕಣಜಗಳ ಮೇಲೆ ಎಷ್ಟು ಪ್ರೀತಿ ಎಂದುಕೊಂಡಳು ಕೊಡತಿಯಮ್ಮ.

ತಿಂಗಳ ಮೇಲೆ ಅಂಚೆಯಲ್ಲಿ ಒಂದು ಕಿರುಪುಸ್ತಕ ಬಂತು. ಹೆಸರು 'ಸಂಖ್ಯೆಗಳಾಗಿ ಬದುಕಿದವರು'. ಹದಿಮೂರು ಅಧ್ಯಾಯ. ಕನ್ನಡಕ ಹಾಕಿಕೊಂಡು ಏಳನೆಯ ಅಧ್ಯಾಯ ಓದಿದ ಕೊಡತಿಯಮ್ಮ, 'ಪಾರಿವಾಳಗಳನ್ನು ಸಾಕಿಕೊಂಡು ಒಂಟಿಯಾಗಿ ಬಾಳಿದ ಈ ಗಾಯಕ' ಎಂಬಲ್ಲಿಗೆ ಬಂದು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದಳು. ಅಕ್ಷರ ಬದಲಾಗಲಿಲ್ಲ. ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಜೊತೆಗಿದ್ದ ಕಾಗದ ಓದಿದಳು.

'ಅಮ್ಮಾ, ನಿಮ್ಮ ದಿನಚರಿ ಓದಿದ ಮೇಲೆ ನಗರಸಭೆಯ ಸಮಿತಿಯವರು ಮನಸ್ಸು ಬದಲಿಸಿ ಕಣಜಗಳನ್ನು ಉಳಿಸಲು ಒಪ್ಪಿದ್ದಾರೆ. ಪುಸ್ತಕದಲ್ಲಿ ತಪ್ಪಿದ್ದರೆ ದಯವಿಟ್ಟು ಬರೆದು ತಿಳಿಸಿ. ಹನ್ನೊಂದನೆಯವರ ಅಧ್ಯಾಯದಲ್ಲಿ ಆ ಒಂದು ವಿಷಯ ನಾನು ಪ್ರಕಟಿಸಿಲ್ಲ. ತಾವು ಹೇಳಲು ಇಷ್ಟಪಟ್ಟರೆ ಗುಟ್ಟಾಗಿ ಇಡುತ್ತೇನೆ.'

ಹನ್ನೊಂದನೆಯವನದು ಏನು ಗುಟ್ಟು ಎಂದು ಅವಳಿಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ: ನಿಜ ಬರೆದರೆ ಹದಿಮೂರೂ ಉರುಳುತ್ತವೆ. ಬರೆಯದಿದ್ದರೆ, ಮೂವತ್ತೊಂದು ವರ್ಷ ತಾನು ಕಿವಿ ಕೊಟ್ಟು ಮಾಡಿದ ಕೆಲಸ ಯಾವನೋ ಇಲ್ಲದ ಗಾಯಕನ ಪಾಲಾಗುತ್ತದೆ. ಕಾಗದ ತೆಗೆದು 'ಮಾನ್ಯರೇ' ಎಂದು ಬರೆದಳು. ಹುಡುಗಿಗೆ ಯಾರಾದರೂ ಮಾನ್ಯರೇ ಅನ್ನುತ್ತಾರೆಯೇ? ಹರಿದಳು. 'ಮಗಳೇ' ಎಂದು ಬರೆದಳು. ಮಗಳೇ ಎಂದಮೇಲೆ ನೀನು ಬರೆದದ್ದೆಲ್ಲ ಸುಳ್ಳು ಎನ್ನುವುದು ಹೇಗೆ? ಅದನ್ನೂ ಹರಿದಳು. ಮರುದಿನ ಕನ್ನಡಕ ಸಿಗಲಿಲ್ಲ. ಅದರ ಮರುದಿನ ಕನ್ನಡಕ ಸಿಕ್ಕಿತು, ಪೆನ್ನು ಬರೆಯಲಿಲ್ಲ. ಹೀಗೆ ಐದು ತಿಂಗಳು.

ಆ ಐದು ತಿಂಗಳಲ್ಲಿ ಪುಸ್ತಕ ಕೆಳಗಿನ ಮನೆಯ ಮೈದುನನ ಕೈಗೆ ಹೋಯಿತು. ಅವನು ತೀರಿಹೋದ ಗಂಡನ ತಮ್ಮ. ಜೀವನದಲ್ಲಿ ಇಪ್ಪತ್ತು ಕೆಲಸ ಹಿಡಿದು ಇಪ್ಪತ್ತೊಂದು ಬಿಟ್ಟವನು. ಕಣಜದಲ್ಲೂ ನಲವತ್ತು ದಿನ ಕಸ ಗುಡಿಸಿದ್ದ.

"ಅತ್ತಿಗೆ, ಈ ಏಳನೆಯವನು ನಾನೇ ಇರಬಹುದಲ್ವಾ?"

"ಏಳನೆಯವನು ಕಣಜ ಕಣೋ."

"ಅದು ನಿಮಗೂ ನನಗೂ ಗೊತ್ತು. ನನ್ನ ಹಾಜರಿ ಬಿಲ್ಲೆ ನಂಬರು ಏಳೋ ಹದಿನೇಳೋ ಇತ್ತು. ಕೆಲಸ ಮಾಡ್ತಾ ಹಾಡ್ತಿದ್ದೆ ಬೇರೆ."

"ಹಾಡ್ತಿದ್ದೆ ಅಂತಾನೇ ಅಲ್ವೇನೋ ನಿನ್ನ ಕೆಲಸ ಬಿಡಿಸಿದ್ದು? ಅದೂ ನಾನು ದಿನಚರಿ ಬರೆಯೋಕೆ ಶುರು ಮಾಡೋ ಮೊದಲೇ!"

ಆದರೆ ಮೈದುನ ಆಗಲೇ ನಗರಸಭೆಗೆ ಹೋಗಿ ಬಂದಾಗಿತ್ತು. ಅಲ್ಲಿ ಅವನಿಗೆ ಕುರ್ಚಿ ಹಾಕಿದರಂತೆ. 'ನೀವೇನಾ ಅವರು' ಎಂದು ಮೂರು ಮಂದಿ ಎದ್ದು ನಿಂತರಂತೆ. ಮನೆಗೆ ಬಂದು ಹೊಸ ಕೋಟು ಹೊಲಿಯಲು ಕೊಟ್ಟ. ಉಳಿಸಿದ ಕಣಜಗಳ ಉದ್ಘಾಟನೆಯ ದಿನ ಹಾಡಬೇಕು, ಅದಕ್ಕೆ ಮೊದಲು ಶುಕ್ರವಾರ ಜಾಗ ನೋಡಲು ಬರಬೇಕು, ದಿನಚರಿ ಬರೆದ ಅತ್ತಿಗೆಯನ್ನೂ ಕರೆತರಬೇಕು ಎಂದು ಹೇಳಿಕಳಿಸಿದ್ದರು. ಚಾದರ ಹಿಂಡಿದ್ದು ಗುರುವಾರ. ಮರುದಿನ ಇಬ್ಬರೂ ಹೊರಟರು.

ಏಳನೆಯ ಕಣಜಕ್ಕೆ ಕೆಳಗೆ ಹೊಸದಾಗಿ ಬಾಗಿಲು ಕೊರೆದಿದ್ದರು. ಒಳಗೆ ಪರಂಪರೆ ಹುಡುಗಿ, ಕೈಯಲ್ಲಿ ನಕ್ಷೆ ಹಿಡಿದ ಇಂಜಿನಿಯರು, ಮತ್ತು ಒಂದು ಕಲ್ಲಿನ ಫಲಕದ ಮುಂದೆ ಕೂತ ಕಲ್ಲುಕುಟಿಗ. ಫಲಕದ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದಾಗಿತ್ತು, ಕೆತ್ತುವುದು ಬಾಕಿ: 'ತುಂಬಿದ್ದರೂ ಹಾಡಿದ.'

ತಾನು ಬರೆದ ದೂರು ಹೀಗೆ ಗೋಡೆ ಏರಲು ಕಾದಿರುವುದನ್ನು ಕೊಡತಿಯಮ್ಮ ಬಾಯಿ ತೆರೆದುಕೊಂಡು ನೋಡಿದಳು.

"ಇದೇ ಕಣಜ ಯಾಕೆ ಆರಿಸಿದ್ದೀವಿ ಗೊತ್ತಾ ಅಮ್ಮಾ?" ಎಂದಳು ಹುಡುಗಿ. "ಏಳನೆಯವರ ನೆನಪಿಗೆ ಏಳನೆಯ ಕಣಜವೇ ಇರಲಿ ಅಂತ. ಇದು ಸಂಗೀತದ ಸಭಾಂಗಣ ಆಗುತ್ತೆ. ಇನ್ನೂರು ಜನ ಕೂರಬಹುದು."

"ಇನ್ನೂರು ಜನ ಎಲ್ಲಿ ಕೂರ್ತಾರೆ?"

ಇಂಜಿನಿಯರು ಮೇಲಕ್ಕೆ ಕೈ ತೋರಿಸಿದ. "ಗೋಡೆಗೆ ಸುತ್ತಲೂ ಕಬ್ಬಿಣದ ತೊಲೆ ಹೊಡೀತೀವಿ. ತೊಲೆ ಮೇಲೆ ಮೂರು ಸುತ್ತು ಗ್ಯಾಲರಿ. ಸೋಮವಾರದಿಂದ ಕೆಲಸ ಶುರು."

ಕೊಡತಿಯಮ್ಮ ಗೋಡೆಯ ಕಡೆ ತಿರುಗಿದಳು. ಇಷ್ಟು ದಿನ ಅವಳು ಅಂದುಕೊಂಡಿದ್ದದ್ದು ಒಂದು ಸುಳ್ಳು ಕತೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು. ಈ ಗೋಡೆಗೆ ತೊಲೆ! ಅದರ ಮೇಲೆ ಇನ್ನೂರು ಜನ!

ಅವಳು ಬಾಯಿ ತೆರೆಯುವಷ್ಟರಲ್ಲಿ ಮೈದುನ ನಡುವೆ ಹೋಗಿ ನಿಂತು ಗಂಟಲು ಸರಿಮಾಡಿಕೊಂಡಿದ್ದ. ಹಾಡಿದ. ಮೊದಲ ಸಾಲು ಮೇಲಕ್ಕೆ ಹೋಯಿತು, ಸುತ್ತಿತು, ಅವನು ಎರಡನೆಯ ಸಾಲಿನಲ್ಲಿರುವಾಗ ತಿರುಗಿ ಬಂತು. ಮೂರನೆಯದಕ್ಕೆ ಮೊದಲೆರಡೂ ಬಂದು ಸೇರಿಕೊಂಡವು. ಒಬ್ಬನೇ ಹಾಡಿದರೂ ಹನ್ನೆರಡು ಮಂದಿ ಪಾಲು ಹಂಚಿಕೊಳ್ಳಲು ಕೂತು ಜಗಳಕ್ಕೆ ಬಿದ್ದ ಹಾಗೆ ಕೇಳಿಸಿತು. ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಏಳುವಾಗ ಪಾರಿವಾಳಗಳು ಏನು ಮಾಡುತ್ತವೆಯೋ ಅದನ್ನು ಹೊಸ ಕೋಟಿನ ಮೇಲೆ ಮಾಡಿ ಹೋದವು.

ಹಾಡು ನಿಂತು ಸುಮಾರು ಹೊತ್ತಿನ ಮೇಲೆ ದನಿಯೂ ನಿಂತಿತು. ಹುಡುಗಿ ಅವನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಸಾರ್… ಇಲ್ಲಿ ಹೊರಗಿನವರು ಯಾರೂ ಇಲ್ಲ. ಹನ್ನೊಂದನೆಯವರ ವಿಷಯ ನಿಮಗೆ ಗೊತ್ತಿತ್ತಾ?"

"ಏನು ವಿಷಯ?" ಎಂದ ಮೈದುನ ಕೋಟು ಒರೆಸುತ್ತ.

ಹುಡುಗಿ ದಿನಚರಿಯ ಹಾಳೆ ತೆಗೆದು ದನಿ ತಗ್ಗಿಸಿ ಓದಿದಳು. "'ಹನ್ನೊಂದನೆಯವನಿಗೆ ವಿಷ ಕೊಟ್ಟು ಬಾಯಿ ಮುಚ್ಚಿದೆವು. ಮೂರು ದಿನ ಯಾರೂ ಹತ್ತಿರ ಸುಳಿಯಬಾರದು.'"

"ಓ, ಅದಾ! ಅದೆಲ್ಲ ಅತ್ತಿಗೆ ಕೆಲಸ. ಅವರೇ ಮೂಗಿಗೆ ಬಟ್ಟೆ ಕಟ್ಕೊಂಡು ಹಾಕ್ತಿದ್ರು. ವರ್ಷಕ್ಕೆ ಎರಡು ಸಲ."

"ಎರಡು ಸಲ?"

"ಮತ್ತೆ? ಒಂದೇ ಸಲಕ್ಕೆ ಸಾಯಲ್ವಲ್ಲ."

ಇಂಜಿನಿಯರು ನಕ್ಷೆಯನ್ನು ಎದೆಗೆ ಅಡ್ಡ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಕಲ್ಲುಕುಟಿಗ ಕೈಯಲ್ಲಿದ್ದ ಉಳಿಯನ್ನು ಮೆಲ್ಲನೆ ತನ್ನ ಕಡೆಗೆ ಎಳೆದುಕೊಂಡ. ಹುಡುಗಿಯ ಮುಖ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತು.

ಐದು ತಿಂಗಳಿಂದ ತಲೆಯೊಳಗೆ ಹೊಗದ ಆ ಗುಟ್ಟು ಆಗ ಕೊಡತಿಯಮ್ಮನಿಗೆ ಹೊಳೆಯಿತು.

"ಅಯ್ಯೋ ನನ್ನ ತಾಯಿ," ಎಂದಳು. "ಸತ್ತದ್ದು ಹುಳು ಕಣಮ್ಮ! ಕಾಳಿಗೆ ಹುಳು ಬಿದ್ದಾಗ ಮೇಲಿಂದ ಮದ್ದು ಹಾಕಿ ಮುಚ್ಚಳ ಬಿಗೀತಿದ್ವಿ. ಹನ್ನೊಂದನೆಯವನು ಅಂದ್ರೆ ಹನ್ನೊಂದನೇ ಕಣಜ. ಹದಿಮೂರು ಮಂದಿಯೂ ಕಣಜಗಳೇ. ಮನುಷ್ಯರು ಒಬ್ಬರೂ ಇಲ್ಲ."

"ಹಾಗಾದ್ರೆ…" ಹುಡುಗಿ ಹಾಳೆಯನ್ನು ಮತ್ತೊಮ್ಮೆ ನೋಡಿದಳು. "ಹಾಗಾದ್ರೆ ಏಳನೆಯವರು ಇರಲೇ ಇಲ್ವಾ?"

"ಇಲ್ಲದೆ ಏನು? ನೀನು ಅವನ ಹೊಟ್ಟೆಯಲ್ಲೇ ನಿಂತಿದ್ದೀಯಲ್ಲ."

ಎಲ್ಲರೂ ಮೈದುನನ ಕಡೆ ನೋಡಿದರು. ಮೈದುನ ಸೂರಿನ ಕಡೆ ನೋಡಿದ.

ಕೊಡತಿಯಮ್ಮ ಕಲ್ಲುಕುಟಿಗನ ಮುಂದೆ ಕೈ ಚಾಚಿದಳು. "ಅಣ್ಣ, ಆ ಕೊಡತಿ ಕೊಡಿ ಸ್ವಲ್ಪ." ಅವನು ಅನುಮಾನಿಸುತ್ತಲೇ ಕೊಟ್ಟ. ಅವಳು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಮೊದಲು ಮೂರನೆಯ ಕಣಜಕ್ಕೆ ತಟ್ಟಿದಳು. ಗೊಂಯ್ ಎಂದು ದುಂಡಗೆ, ಉದ್ದಕ್ಕೆ ಬಂತು. ಆಮೇಲೆ ಏಳನೆಯವನ ಕೆಳಗಿನ ಸುತ್ತಿಗೆ ತಟ್ಟಿದಳು. ಗಡಕ್.

"ಒಡೆದ ಮಡಕೆ," ಎಂದ ಕಲ್ಲುಕುಟಿಗ ತಕ್ಷಣ. ಅವನದೂ ದನಿ ಕೇಳಿ ಮಾಡುವ ಕೆಲಸವೇ. ಕೊಡತಿ ಇಸಿದುಕೊಂಡು ತಾನೂ ನಾಲ್ಕು ಕಡೆ ತಟ್ಟಿ, ಗೋಡೆಗೆ ಕಿವಿಯಿಟ್ಟು ಕೇಳಿದ. "ಒಳಗೆ ಬಿಟ್ಕೊಂಡಿದೆ. ನಾನಾದರೆ ಈ ಗೋಡೆಗೆ ಕನ್ನಡಿ ನೇತುಹಾಕೋಕೂ ಮೊಳೆ ಹೊಡೆಯಲ್ಲ."

"ನಾನು ದಿನಾ ಬರೆದದ್ದು ಅದನ್ನೇ. ತುಂಬಿದ್ದಾಗ ಹಾಡಬಾರದು. ಹಾಡ್ತಿದ್ದ," ಎಂದಳು ಕೊಡತಿಯಮ್ಮ.

ಇಂಜಿನಿಯರು ಗಡಿಯಾರ ನೋಡಿಕೊಂಡ. "ನೋಡಿಯಮ್ಮ, ಬಾಯಿಮಾತಿಗೆ ಕಡತದಲ್ಲಿ ಜಾಗ ಇಲ್ಲ. ಆಕ್ಷೇಪಣೆ ಇದ್ದರೆ ಸಮಿತಿಗೆ ಲಿಖಿತವಾಗಿ ಕೊಡಿ. ಸೋಮವಾರ ಬೆಳಗ್ಗೆ ಕಾಗದ ಅವರ ಮೇಜಿನ ಮೇಲಿದ್ರೆ ಕೆಲಸ ನಿಲ್ಲುತ್ತೆ. ಇಲ್ದಿದ್ರೆ ನನಗೆ ಬಂದಿರೋ ಆದೇಶ ತೊಲೆ ಹೊಡಿ ಅಂತ."

ಅವನು ಹೊರಟುಹೋದ. ಹುಡುಗಿ ಹಳಿಯ ಮೇಲೆ ಕುಸಿದು ಕೂತಳು. ಕೊಡತಿಯಮ್ಮನೂ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

"ಉಳಿಸೋಕೆ ಒಂಬತ್ತು ಮತ ಬೇಕಿತ್ತು ಅಮ್ಮಾ. ಒಂಬತ್ತೇ ಬಿದ್ದಿದ್ದು. ಅದರಲ್ಲಿ ಇಬ್ಬರು ಏಳನೇ ಅಧ್ಯಾಯ ಓದಿ ಕಣ್ಣು ಒರೆಸ್ಕೊಂಡವರು. ಅವರಿಗೆ ನಾನೀಗ ಏನಂತ ಹೇಳಲಿ, ನೀವು ಅತ್ತದ್ದು ಗೋಡೆಗೆ ಅಂತಾನಾ?"

"ನಾನು ಬರೆಯೋದು ಬೇಡ ಅಂತೀಯಾ?"

ಹುಡುಗಿ ಬಹಳ ಹೊತ್ತು ಬೂಟಿನ ತುದಿಯಿಂದ ಜಲ್ಲಿ ಕೆದಕುತ್ತಿದ್ದಳು. ಬೇಡ ಅನ್ನಲು ಎರಡು ಸಲ ಬಾಯಿ ತೆರೆದದ್ದು ಕೊಡತಿಯಮ್ಮನಿಗೆ ಕಂಡಿತು. ಕಡೆಗೆ ಅವಳು ಹೇಳಿದ್ದು ಬೇರೆ.

"ಬೇಡ ಅನ್ನಲ್ಲ. ಆದರೆ ಚೆನ್ನಾಗಿ ಬರೀರಿ ಅಮ್ಮಾ. ನನ್ನ ಪುಸ್ತಕಕ್ಕಿಂತ ಚೆನ್ನಾಗಿ."

ಮನೆಗೆ ಬರುವ ದಾರಿಯುದ್ದಕ್ಕೂ ಮೈದುನ ಬಾಯಿ ಬಿಡಲಿಲ್ಲ. ಅವನ ಜೀವಮಾನದಲ್ಲಿ ಅದೊಂದು ದಾಖಲೆ. ಅಡುಗೆಮನೆಯ ಮೇಜಿನ ಮುಂದೆ ಕೊಡತಿಯಮ್ಮ ಕಾಗದ ಹರಡಿಕೊಂಡು ಕೂತಾಗ ಅವನೂ ಎದುರಿಗೆ ಬಂದು ಕೂತ.

"ಅತ್ತಿಗೆ, ಉದ್ಘಾಟನೆ ಆದಮೇಲೆ ಬರೆದ್ರೆ ಆಗಲ್ವಾ?"

"ಉದ್ಘಾಟನೆ ದಿನ ಇನ್ನೂರು ಜನ ಕೂತಿರ್ತಾರೆ. ಗೋಡೆ ಕಳಚ್ಕೊಂಡ್ರೆ ನಿನ್ನ ಹಾಡು ಕೇಳೋಕೆ ಯಾರು ಉಳೀತಾರೆ?"

"ಅರವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನ ನೋಡಿ ಎದ್ದು ನಿಂತ್ರು ಅತ್ತಿಗೆ. ಮೂರು ಜನ." ಅವನು ಮೂರು ಬೆರಳು ತೋರಿಸಿದ. ಅದರಲ್ಲಿ ತಮಾಷೆ ಇರಲಿಲ್ಲ.

ಕೊಡತಿಯಮ್ಮನ ಪೆನ್ನು ನಿಂತಿತು. ಇವನನ್ನು ಬೈಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಈಗ ಬೈಗುಳ ಬಾಯಿಗೆ ಬರಲಿಲ್ಲ. ತನ್ನನ್ನು ನೋಡಿ ಎಷ್ಟು ಜನ ಎದ್ದು ನಿಂತಿದ್ದರು? ಲೆಕ್ಕ ಹಾಕಿದಳು. ಹದಿಮೂರು, ಅವೂ ಮೊದಲಿಂದ ನಿಂತೇ ಇದ್ದವು.

"ಟೀ ಇಡು ಹೋಗು," ಎಂದಳು ಮೆತ್ತಗೆ. ಅವನು ಎದ್ದು ಹೋದ ಮೇಲೆ ಒಂದೇ ಉಸಿರಿಗೆ ಬರೆದಳು.

'ಸಮಿತಿಯವರಿಗೆ. ದಿನಚರಿ ಬರೆದವಳು ನಾನು. ಅದರಲ್ಲಿರುವ ಹದಿಮೂರು ಮಂದಿಯೂ ಕಣಜಗಳು. ಅವನು ಎಂದು ಬರೆದದ್ದು ನನ್ನ ರೂಢಿ, ಅದಕ್ಕೆ ಆ ಹುಡುಗಿಯನ್ನು ಬೈಯಬೇಡಿ. ಅಷ್ಟು ವರ್ಷದಲ್ಲಿ ನನ್ನ ಅಕ್ಷರ ಪೂರ್ತಿ ಓದಿದವಳು ಅವಳೊಬ್ಬಳೇ. ಏಳನೆಯವನು ತುಂಬಿದ್ದರೂ ಹಾಡಿದ ಅಂದರೆ ಗೋಡೆ ಪೊಳ್ಳಾಗಿದೆ ಎಂದು ಅರ್ಥ. ನಾನೂರ ಹನ್ನೆರಡು ದಿನ ಬರೆದೆ. ಆಗ ಯಾರೂ ಓದಲಿಲ್ಲ, ಈಗ ಓದಿ ಅತ್ತಿದ್ದೀರಿ. ಅಳಬೇಡಿ, ಬಂದು ತಟ್ಟಿ ನೋಡಿ. ನಿಮ್ಮ ಕಲ್ಲುಕುಟಿಗನನ್ನು ಕೇಳಿ. ತೊಲೆ ಹೊಡೆಯಬೇಡಿ. ಸಭಾಂಗಣ ಮೂರನೆಯವನಲ್ಲಿ ಮಾಡಿ, ಅವನ ಮೈ ಗಟ್ಟಿ. ಹನ್ನೊಂದನೆಯವನು ಸತ್ತಿಲ್ಲ, ಸತ್ತದ್ದು ಹುಳು. ಮನುಷ್ಯರಲ್ಲ ಎಂದು ಗೊತ್ತಾದಮೇಲೆ ಉಳಿಸುವುದು ಯಾಕೆ ಎಂದು ನಿಮಗನ್ನಿಸಬಹುದು. ಊರಿಗೆಲ್ಲ ಬೇಕಾದ ಕಾಳು ಐವತ್ತು ವರ್ಷ ಅವರ ಹೊಟ್ಟೆಯಲ್ಲಿತ್ತು, ಒಂದು ಹಿಡಿಯನ್ನೂ ಅವರು ತಿನ್ನಲಿಲ್ಲ. ಯಾವ ದನಿಗೆ ಏನರ್ಥ ಎಂದು ಕಲಿಯುವವರಿದ್ದರೆ ನಾನು ಕಲಿಸುತ್ತೇನೆ. ನನಗೆ ಎಪ್ಪತ್ತನಾಲ್ಕು, ಬೇಗ ಬಂದರೆ ಒಳ್ಳೆಯದು.'

ಟೀ ತಂದಿಟ್ಟ ಮೈದುನ ತಲೆಕೆಳಗಾಗಿ ಓದಲು ನೋಡಿದ. "ನನ್ನ ವಿಷಯ ಹಾಕಿದ್ದೀರಾ?"

"ಇಲ್ಲ."

"ಒಂದು ಸಾಲೂ?"

ಕೊಡತಿಯಮ್ಮ ಅವನ ಮುಖ ನೋಡಿದಳು. ಕೆಳಗೆ ಇನ್ನೊಂದು ಸಾಲು ಸೇರಿಸಿ, ಅವನ ಕಡೆಗೆ ತಿರುಗಿ ಓದಿ ಹೇಳಿದಳು: 'ನನ್ನ ಮೈದುನ ಅಲ್ಲಿ ನಲವತ್ತು ದಿನ ಕಸ ಗುಡಿಸಿದ್ದು ನಿಜ, ಹಾಡಿದ್ದೂ ನಿಜ.'

"ಚೆನ್ನಾಗಿ ಹಾಡಿದ್ದು ಅಂತ…"

"ಇದು ಸುಳ್ಳು ತಿದ್ದೋ ಕಾಗದ ಕಣಪ್ಪ."

ಅಂಚೆ ಕಚೇರಿ ಐದಕ್ಕೆ ಮುಚ್ಚುತ್ತಿತ್ತು. ನಾಲ್ಕೂವರೆಗೆ ಇಬ್ಬರೂ ಕಿಟಕಿಯ ಮುಂದೆ ನಿಂತಿದ್ದರು. ಮೈದುನ ಕೋಟನ್ನು ಮನೆಯಲ್ಲೇ ಬಿಟ್ಟಿದ್ದ. ಕಿಟಕಿಯಾಚೆಯ ಗುಮಾಸ್ತೆ ಲಕೋಟೆ ತಿರುಗಿಸಿ ಮುರುಗಿಸಿ ನೋಡಿದಳು.

"ತುರ್ತು ಅಂಚೆನಾ, ಸಾದಾನಾ?"

"ತುರ್ತು," ಎಂದಳು ಕೊಡತಿಯಮ್ಮ.

"ಸಾದಾಕ್ಕಿಂತ ನಿಧಾನದ್ದು ಯಾವುದಾದ್ರೂ ಇದೆಯಾ?" ಎಂದು ಮೈದುನ ಅವಳ ಭುಜದ ಮೇಲಿಂದ ಬಗ್ಗಿ ಕೇಳಿದ.

ಗುಮಾಸ್ತೆ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದಳು. "ಇಬ್ಬರೂ ಮಾತಾಡ್ಕೊಂಡು ಬನ್ನಿ. ಹಿಂದೆ ಜನ ಇದ್ದಾರೆ."

"ಮಾತಾಡೋದೇನಿಲ್ಲ ತಾಯಿ. ಸೋಮವಾರ ಬೆಳಗ್ಗೆ ನಗರಸಭೆಯಲ್ಲಿ ಇರಬೇಕು."

"ನಾಳೆನೇ ಇರುತ್ತೆ," ಎಂದಳು ಗುಮಾಸ್ತೆ.

"ನಾಳೆನೇ!" ಮೈದುನನ ದನಿ ಬಿತ್ತು. ಆಮೇಲೆ ನಿಟ್ಟುಸಿರು ಬಿಟ್ಟು, ಕಿಟಕಿಯ ಪಕ್ಕದಲ್ಲಿದ್ದ ಗೋಂದಿನ ಡಬ್ಬಿ ಎಳೆದುಕೊಂಡ. "ಕೊಡಿ ಇಲ್ಲಿ ಅತ್ತಿಗೆ. ನೀವು ಮೂಲೆ ಸರಿಯಾಗಿ ಅಂಟಿಸಿಲ್ಲ, ದಾರಿಯಲ್ಲಿ ಬಿಚ್ಚಿಕೊಳ್ಳುತ್ತೆ."

ಅವನು ನಾಲ್ಕು ಮೂಲೆಗೂ ಗೋಂದು ಹಚ್ಚಿ, ಹೆಬ್ಬೆರಳಿನಲ್ಲಿ ಒತ್ತಿ, ಒಳಗೆ ಕೊಟ್ಟ. ಗುಮಾಸ್ತೆ ಮುದ್ರೆ ಹೊಡೆದು ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದಳು.